ಚೆನ್ನಮ್ಮ ಎಂಬ ಹೆಸರು

ಪೆರಿಯಾರ್ ನದಿಯ ಕವಲುಗಳ ನಡುವೆ ಇರುವ ಏಲೂರಿಗೆ, 1943ರಲ್ಲಿ ಸ್ಥಾಪಿತವಾಗಿ 1947ರಲ್ಲಿ ಉತ್ಪಾದನೆಯನ್ನಾರಂಭಿಸಿದ ಗೊಬ್ಬರದ ಕಾರ್ಖಾನೆಯ ದೆಸೆಯಿಂದ ನಾನಾ ಪ್ರಾಂತಗಳ ಜನರು ಬಂದು ನೆಲೆಸಿದ್ದಾರೆ. ಅವರಲ್ಲಿ ಕನ್ನಡಿಗರೂ ಉಂಟು. ಹೊಟ್ಟೆಪಾಡಿಗಾಗಿ ಹಾಗೆ ಬಂದವರಲ್ಲಿ ನನ್ನ ಮಗನೂ ಒಬ್ಬ. ನಮ್ಮದು ಸಾಗರದ ಕಡೆಯ ಮನೆತನ. ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವ ಪದ್ಧತಿಯನ್ನು ಮಗನು ಬಿಡಲಿಲ್ಲ. ಮೊದಲ ಮಗಳಿಗೆ ಆಕೆಯ ಮುತ್ತಜ್ಜಿಯ, ಎಂದರೆ ನನ್ನ ತಾಯಿಯವರ, ಹೆಸರನ್ನೇ ಇಟ್ಟನು. ಆ ಹೆಸರು ಚೆನ್ನಮ್ಮ.

ಮಗುವಿಗೆ ಈಗ ಹನ್ನೊಂದು ವರುಷ. ಕಳೆದ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಬಂದವಳು ಚೀಲವನ್ನು ಮೂಲೆಗಿಟ್ಟು ನನ್ನ ಬಳಿ ಕುಳಿತು, "ಅಜ್ಜ, ನನ್ನ ಹೆಸರನ್ನು ಬದಲಾಯಿಸಲಿಕ್ಕೆ ಆಗುತ್ತದೆಯೇ?" ಎಂದು ಕೇಳಿದಳು. ವಿಚಾರಿಸಿದಾಗ ಸಂಗತಿ ತಿಳಿಯಿತು. ಹಾಜರಿ ಕೂಗುವಾಗ ಅವಳ ಹೆಸರು ಎಷ್ಟೋ ಸಲ "ಚಿನ್ನಮ್ಮ" ಎಂದಾಗುತ್ತದೆ. ಜತೆಯ ಮಕ್ಕಳು ಅದನ್ನು ಬಿಡಿಸಿ, "ಅಮ್ಮ ಎವಿಡೆ ಚೆನ್ನು?" ಎಂದು ಕೇಳಿ ನಗುತ್ತಾರೆ. ಮಲಯಾಳದಲ್ಲಿ ಚೆನ್ನು ಎಂದರೆ 'ಹೋಗಿ ಸೇರಿತು' ಎಂದರ್ಥ. ಅಮ್ಮ ಎಲ್ಲಿಗೆ ಹೋದಳು ಎಂಬುದು ಮಕ್ಕಳ ಹಾಸ್ಯ. ಮಕ್ಕಳ ಹಾಸ್ಯದಲ್ಲಿ ದ್ವೇಷವಿರುವುದಿಲ್ಲ, ನಿಜ. ಆದರೆ ದಿನವೂ ಕೇಳುವವಳ ಕಿವಿಗೆ ಅದು ಹಗುರವೂ ಅಲ್ಲ. ಅವಳ ತಂದೆಯು ಮಗಳ ಮುಖವನ್ನು ನೋಡಲಾರದೆ, ಹೆಸರಿನ ಬದಲಾವಣೆಗೆ ಬೇಕಾದ ಅರ್ಜಿಯ ನಮೂನೆಯನ್ನೂ ತಂದಿಟ್ಟನು. ನಾನು ಎಂಟು ದಿನಗಳ ಅವಕಾಶ ಕೇಳಿದೆನು. "ನಿನ್ನ ಹೆಸರು ಏನೆಂಬುದನ್ನು ಮೊದಲು ತಿಳಿದುಕೋ, ಆಮೇಲೆ ಬೇಡವೆನಿಸಿದರೆ ನಾನೇ ಸಹಿಗೆ ಬರುತ್ತೇನೆ" ಎಂದು ಮಾತು ಕೊಟ್ಟೆನು. ಆ ಎಂಟು ಸಂಜೆಗಳಲ್ಲಿ ಮೊಮ್ಮಗಳಿಗೆ ಹೇಳಿದುದನ್ನೇ ಇಲ್ಲಿ ಬರೆದಿದ್ದೇನೆ. ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಬಂಧುಗಳಿಗೆ ಇದು ಉಪಯೋಗವಾದೀತೆಂದು ನನ್ನ ಆಶೆ.

ಮೊದಲು ಚಿನ್ನಮ್ಮನ ಗೊಂದಲವನ್ನು ಬಿಡಿಸೋಣ. ಚಿನ್ನಮ್ಮ ಎಂಬುದು ಕೇರಳದ ಕ್ರೈಸ್ತ ಮನೆಗಳಲ್ಲಿ ಬಹು ಕಾಲದಿಂದ ಬಳಕೆಯಲ್ಲಿರುವ ಮುದ್ದಾದ ಹೆಸರು. ಅನ್ನಮ್ಮ, ಮರಿಯಮ್ಮ, ಏಲಿಯಮ್ಮ ಮುಂತಾದವುಗಳ ಸಾಲಿನಲ್ಲಿ ಅದು ಬರುತ್ತದೆ. ಅಲ್ಲಿ ಚಿನ್ನ ಎಂದರೆ ಚಿಕ್ಕದು. ತಮಿಳು ತೆಲುಗುಗಳಲ್ಲಿಯೂ ಅದೇ ಅರ್ಥ. ಕನ್ನಡದಲ್ಲಿ ಮಾತ್ರ ಚಿನ್ನವೆಂದರೆ ಬಂಗಾರ. ಆದುದರಿಂದ ಕನ್ನಡದ ಚಿನ್ನಮ್ಮ ಬಂಗಾರದ ಅಮ್ಮ, ಇಲ್ಲಿಯ ಚಿನ್ನಮ್ಮ ಪುಟ್ಟ ಅಮ್ಮ. ನಮ್ಮ ಚೆನ್ನಮ್ಮ ಇವೆರಡೂ ಅಲ್ಲ. ಹಾಜರಿ ಕೂಗುವವರ ನಾಲಗೆಯು ತನಗೆ ಪರಿಚಯವಾದ ಹೆಸರಿನ ಕಡೆಗೆ ಜಾರಿತಲ್ಲದೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇನ್ನು ಹೋಗುವ 'ಚೆನ್ನು'. ಮಲಯಾಳದ ಚೆಲ್ಲು, ಚೆನ್ನು ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಸೋದರ ಪದವಿದೆ. ಅದು ಸಲ್ಲು, ಸಂದು. ಕಾಲ ಸಂದಿತು, ಗೌರವ ಸಂದಿತು, ನಾಣ್ಯ ಸಲ್ಲುತ್ತದೆ ಎಂದು ನಾವು ಅನ್ನುವುದು ಇದರಿಂದಲೇ. ಅಲ್ಲಿಯ ಚೆನ್ನು ನಮ್ಮಲ್ಲಿ ಸಂದು ಆಗಿರುವಾಗ, ನಮ್ಮ ಚೆನ್ನಮ್ಮನಿಗೂ ಅದಕ್ಕೂ ನಂಟಿಲ್ಲವೆಂಬುದು ಸ್ಪಷ್ಟ.

ಸ್ವಲ್ಪ ಓದಿದವರು ಇನ್ನೊಂದು ಊಹೆ ಮಾಡುವುದುಂಟು. ಮಲಯಾಳದಲ್ಲಿ 'ಚೆಂ' ಎಂದರೆ ಕೆಂಪು. ಚೆಂತಾಮರ ಎಂದರೆ ಕೆಂದಾವರೆ. ಹಾಗಾದರೆ ಚೆನ್ನಮ್ಮ ಕೆಂಪು ಬಣ್ಣದ ಅಮ್ಮನೇ? ಇದೂ ಸರಿಯಲ್ಲ. ಇ, ಎ ಸ್ವರಗಳ ಹಿಂದಿನ ಹಳೆಯ ಕಕಾರವು ಮಲಯಾಳ ತಮಿಳುಗಳಲ್ಲಿ ಚಕಾರವಾಗಿ ತಿರುಗಿತು. ಕನ್ನಡವು ಅದನ್ನು ಕಕಾರವಾಗಿಯೇ ಉಳಿಸಿಕೊಂಡಿತು. ನಮ್ಮ ಕಿವಿ ಇಲ್ಲಿ ಚೆವಿ, ನಮ್ಮ ಕೆರೆ ಇಲ್ಲಿ ಚಿರ, ನಮ್ಮ ಕಿರಿದು ಇಲ್ಲಿ ಚೆರುದು. ಆದಕಾರಣ ಕೆಂಪಿನಿಂದ ಹುಟ್ಟಿದ ಹೆಸರು ಕನ್ನಡದಲ್ಲಿ ಕೆಂಪಮ್ಮ ಎಂದೇ ಇರುತ್ತದೆ. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ಆಳಿದ ರೀಜೆಂಟ್ ಮಹಾರಾಣಿಯವರ ಹೆಸರು ಕೆಂಪನಂಜಮ್ಮಣ್ಣಿ ಎಂಬುದನ್ನು ನೆನೆಯಬಹುದು. ಕೆಂಪಮ್ಮನ ದಾರಿ ಬೇರೆ, ಚೆನ್ನಮ್ಮನ ದಾರಿ ಬೇರೆ.

ಹಾಗಾದರೆ ಚೆನ್ನ ಎಂದರೇನು? ಅಂದ, ಸೊಗಸು, ಒಳ್ಳೆಯದು. ತೆಲುಗಿನಲ್ಲಿಯೂ ಚೆನ್ನು ಎಂದರೆ ಚೆಲುವು. ಚನ್ನಮ್ಮ ಎಂದು ಬರೆದರೂ ಚೆನ್ನಮ್ಮ ಎಂದು ಬರೆದರೂ ಒಂದೇ; ಎರಡು ರೂಪಗಳೂ ಬಳಕೆಯಲ್ಲಿವೆ. ಸಂಸ್ಕೃತದಿಂದಾಗಲಿ ಪುರಾಣದ ಕಥೆಯಿಂದಾಗಲಿ ಬಂದ ಹೆಸರು ಇದಲ್ಲ. ಅಚ್ಚಗನ್ನಡದ ಮಾತಿನಿಂದಲೇ ಎದ್ದು ನಿಂತ ಹೆಸರು.

ಆದರೆ ಅಂದವೆಂಬ ಒಂದೇ ಮಾತಿನಿಂದ ಈ ಶಬ್ದದ ಅರ್ಥವು ಮುಗಿಯುವುದಿಲ್ಲ. ಮಳೆ ಚೆನ್ನಾಗಿ ಬಂತು ಎನ್ನುತ್ತೇವೆ. ಅನ್ನ ಚೆನ್ನಾಗಿ ಬೆಂದಿದೆ, ಹುಡುಗ ಚೆನ್ನಾಗಿ ಓದುತ್ತಾನೆ, ಸೊಸೆಯನ್ನು ಚೆನ್ನಾಗಿ ನೋಡಿಕೊಂಡರು ಎನ್ನುತ್ತೇವೆ. ಇಲ್ಲೆಲ್ಲ ಮುಖದ ಚೆಲುವಿನ ಮಾತೇ ಇಲ್ಲ. ಯಾವುದು ಹೇಗಿರಬೇಕೋ ಹಾಗೆ ಇರುವುದು, ಯಾವ ಕೆಲಸವನ್ನು ಹೇಗೆ ಮಾಡಬೇಕೋ ಹಾಗೆ ಮಾಡುವುದು ಚೆನ್ನು. ಹೆಣ್ಣು ಮಗುವಿಗೆ ಚೆನ್ನಮ್ಮನೆಂದು ಹೆಸರಿಟ್ಟ ನಮ್ಮ ಹಿರಿಯರು ಅದರ ಮೈಬಣ್ಣವನ್ನಷ್ಟೇ ನೋಡಿ ಇಟ್ಟಿರಲಾರರು; ಚೆನ್ನಾಗಿ ಬಾಳು ಎಂಬ ಹರಕೆಯನ್ನೇ ಹೆಸರಾಗಿ ಕರೆದಿರಬೇಕು.

ಈ ಪದವನ್ನು ಕನ್ನಡಿಗರು ದೇವರಿಗೂ ಮುಡಿಸಿದರು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯು ತನ್ನ ವಚನಗಳಲ್ಲಿ ಶ್ರೀಶೈಲದ ಮಲ್ಲಿಕಾರ್ಜುನನನ್ನು ಚೆನ್ನಮಲ್ಲಿಕಾರ್ಜುನನೆಂದು ಕರೆದಳು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನೆಂಬ ಹೆಸರಿನಿಂದ ಪ್ರತಿಷ್ಠಿಸಿದ ದೇವರು ಜನರ ಬಾಯಲ್ಲಿ ಚೆನ್ನಕೇಶವನಾದನು. ಅದೇ ಆವರಣದಲ್ಲಿ ರಾಣಿ ಶಾಂತಲೆಯು ಕಟ್ಟಿಸಿದ ಗುಡಿಯ ದೇವರು ಚೆನ್ನಿಗರಾಯನು. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ. ಬಸವಣ್ಣನವರು ಭಕ್ತಿಯಿಂದ ಸ್ಮರಿಸಿದ ಶರಣ ಮಾದಾರ ಚೆನ್ನಯ್ಯ. ತುಳುನಾಡಿನ ಗರೋಡಿಗಳಲ್ಲಿ ಇಂದಿಗೂ ಆರಾಧನೆಗೊಳ್ಳುವ ಅವಳಿ ವೀರರು ಕೋಟಿ ಮತ್ತು ಚೆನ್ನಯ. ಶೈವರು, ವೈಷ್ಣವರು, ಜೈನರು, ಅರಮನೆಯವರು, ಹಟ್ಟಿಯವರು ಎಂಬ ಭೇದವಿಲ್ಲದೆ ಎಲ್ಲರ ಮನೆಯ ಬಾಗಿಲೂ ಈ ಹೆಸರಿಗೆ ತೆರೆದಿತ್ತು. ಇಷ್ಟು ಜಾತ್ಯತೀತವಾದ ಹೆಸರುಗಳು ನಮ್ಮಲ್ಲಿ ಹೆಚ್ಚಿಲ್ಲ.

ಮೊಮ್ಮಗಳು ನಡುವೆ ಬಾಯಿ ಹಾಕಿ, "ಚೆನ್ನೈಗೂ ನನಗೂ ಸಂಬಂಧವುಂಟೇ?" ಎಂದು ಕೇಳಿದಳು. ಉಂಟೆಂದೇ ಹೇಳಬೇಕಾಯಿತು. 1639ರಲ್ಲಿ ಇಂಗ್ಲಿಷ್ ಕಂಪನಿಗೆ ಕಡಲ ತಡಿಯ ನೆಲವನ್ನು ಕೊಟ್ಟ ನಾಯಕರು ತಮ್ಮ ತಂದೆ ದಾಮರ್ಲ ಚೆನ್ನಪ್ಪ ನಾಯಕನ ಹೆಸರನ್ನು ಅಲ್ಲಿಯ ಪಟ್ಟಣಕ್ಕೆ ಇಡಿಸಿದರೆಂದೂ, ಅದೇ ಚೆನ್ನಪಟ್ಟಣವಾಗಿ ಚೆನ್ನೈ ಆಯಿತೆಂದೂ ಪ್ರಚಲಿತವಾದ ವಿವರಣೆ. ಮದರಾಸು ಎಂಬ ಹೆಸರು ಹೋಗಿ ಚೆನ್ನೈ ಎಂಬುದು ಅಧಿಕೃತವಾದದ್ದು 1996ರಲ್ಲಿ.

ಹೆಣ್ಣು ಹೆಸರಾಗುವಾಗ ಚೆನ್ನ ಎಂಬುದಕ್ಕೆ ನಾಡಿನ ಒಂದೊಂದು ಭಾಗದವರು ಒಂದೊಂದು ಬಾಲವನ್ನು ಸೇರಿಸಿದರು. ಮೈಸೂರು ಸೀಮೆಯಲ್ಲಿ ಚೆನ್ನಮ್ಮ, ಧಾರವಾಡ ಬೆಳಗಾವಿಗಳ ಕಡೆ ಚೆನ್ನವ್ವ, ಕೆಲವು ಕಡೆ ಚೆನ್ನಕ್ಕ. ಕೆಳದಿಯ ಅರಮನೆಯಲ್ಲಿ ಗೌರವಾರ್ಥವಾಗಿ ಚೆನ್ನಮ್ಮಾಜಿ. ತೊಟ್ಟಿಲ ಕೂಸನ್ನೇ ಅಮ್ಮ, ಅವ್ವ, ಅಕ್ಕ ಎಂದು ಕರೆಯುವುದರಲ್ಲಿ ಒಂದು ಗಂಭೀರವಾದ ಭಾವನೆ ಇದೆ. ಮಗುವಾಗಿರುವಾಗಲೇ ಹೆಣ್ಣಿಗೆ ಹಿರಿತನದ ಆಸನವನ್ನು ಹಾಕಿಟ್ಟಂತೆ ಅದು.

ಈಗ ಇತಿಹಾಸಕ್ಕೆ ಬರೋಣ. ಚೆನ್ನ ಎಂಬ ಮಾತನ್ನು ಹೆಸರಿನಲ್ಲಿ ಹೊತ್ತ ಮೂವರು ರಾಣಿಯರು ಕನ್ನಡ ನೆಲವನ್ನು ಆಳಿದರು. ಅವರಲ್ಲಿ ಇಬ್ಬರ ಕಥೆಯು ನಾವು ಈಗ ವಾಸಿಸುವ ಕೇರಳದ ಕಥೆಗೂ ಹೆಣೆದುಕೊಂಡಿದೆ.

ಮೊದಲನೆಯವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ಶರಾವತಿಯ ದಡದ ಈ ಜೈನರಾಣಿಯು 1552ರಿಂದ 1606ರವರೆಗೆ, ಸುಮಾರು 54 ವರುಷಗಳ ದೀರ್ಘಕಾಲ ರಾಜ್ಯವಾಳಿದಳೆಂದು ಹೇಳುತ್ತಾರೆ. ಆ ಕಾಲಕ್ಕೆ ಜಗತ್ತಿನ ವ್ಯಾಪಾರವೆಲ್ಲ ಕಾಳುಮೆಣಸಿನ ಸುತ್ತ ತಿರುಗುತ್ತಿತ್ತು. 1500ರಲ್ಲಿ ಕೊಚ್ಚಿಗೆ ಬಂದ ಪೋರ್ತುಗೀಜರು 1503ರಲ್ಲಿ ಇಲ್ಲಿ ಕೋಟೆ ಕಟ್ಟಿ, ಇಲ್ಲಿಂದ ಹಡಗುಗಟ್ಟಲೆ ಮೆಣಸನ್ನು ಲಿಸ್ಬನ್ನಿಗೆ ಸಾಗಿಸುತ್ತಿದ್ದರು. ಕೊಚ್ಚಿಯ ಮೆಣಸು ಸಾಲದೆ ಅವರು ಕನ್ನಡ ಕರಾವಳಿಯ ಹೊನ್ನಾವರ, ಬಸರೂರು, ಮಂಗಳೂರುಗಳ ಕಡೆಗೂ ಕಣ್ಣು ಹಾಕಿದರು. ಅಲ್ಲಿ ಘಟ್ಟದ ತಪ್ಪಲಿನ ಮೆಣಸಿನ ಒಡೆತನ ಈ ರಾಣಿಯದಾಗಿತ್ತು. ಅವರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಕೊನೆಗೆ ಅವರೇ ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ಕುಮಟೆಯ ಸಮೀಪದಲ್ಲಿ ಅಘನಾಶಿನಿಯ ತೀರದ ಮಿರ್ಜಾನ್ ಕೋಟೆಯು ಅವಳ ಹೆಸರನ್ನು ಇಂದಿಗೂ ಹೇಳುತ್ತ ನಿಂತಿದೆ. ಮಟ್ಟಾಂಚೇರಿಯ ಹಳೆಯ ಮಸಾಲೆ ಅಂಗಡಿಗಳ ಮುಂದೆ ನಾವು ಹಾದುಹೋಗುವಾಗ ಮೂಗಿಗೆ ಬರುವ ಮೆಣಸಿನ ಘಾಟು ಈ ರಾಣಿಯ ಐಶ್ವರ್ಯದ ಘಾಟೂ ಹೌದು.

ಅವಳ ರಾಜ್ಯವು 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಸೇರಿತು. ರಾಣಿಯು ಸೆರೆಯಲ್ಲಿಯೇ ಕಣ್ಮುಚ್ಚಿದಳೆನ್ನುತ್ತಾರೆ. ವಿಧಿಯ ವಿಚಿತ್ರವೆಂದರೆ, ಅವಳನ್ನು ಗೆದ್ದ ಅದೇ ಕೆಳದಿಯ ಸಿಂಹಾಸನದ ಮೇಲೆ ಸುಮಾರು 65 ವರುಷಗಳ ತರುವಾಯ ಇನ್ನೊಬ್ಬ ಚೆನ್ನಮ್ಮನು ಕುಳಿತಳು.

ಕೆಳದಿಯ ಚೆನ್ನಮ್ಮ ಅರಸುಮಗಳಲ್ಲ. ವರ್ತಕನಾದ ಸಿದ್ದಪ್ಪ ಶೆಟ್ಟಿಯ ಮಗಳು. ಸೋಮಶೇಖರ ನಾಯಕನು ಅವಳನ್ನು ಮೆಚ್ಚಿ ಮದುವೆಯಾದನು. ಅವನು ತೀರಿಕೊಂಡಾಗ ಮಕ್ಕಳಿರಲಿಲ್ಲ; ಒಳಗೆ ಒಳಸಂಚು, ಹೊರಗೆ ಬಿಜಾಪುರದ ದಂಡು. ಅವಳು ರಾಜಧಾನಿಯಾದ ಬಿದನೂರಿನಿಂದ ಭುವನಗಿರಿ ದುರ್ಗಕ್ಕೆ, ಎಂದರೆ ತೀರ್ಥಹಳ್ಳಿಯ ಕಡೆಯ ಇಂದಿನ ಕವಲೇದುರ್ಗಕ್ಕೆ, ಹೋಗಿ ನಿಂತು ಸೈನ್ಯವನ್ನು ಕೂಡಿಸಿ ರಾಜ್ಯವನ್ನು ಮರಳಿ ಪಡೆದಳು. 1672ರಿಂದ 1697ರವರೆಗೆ, ಸುಮಾರು ಕಾಲು ಶತಮಾನ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಅವಳ ಆಶ್ರಯವನ್ನು ಬೇಡಿದನು. ಆಶ್ರಯವಿತ್ತರೆ ಮೊಗಲರ ದಂಡು ತನ್ನ ಬಾಗಿಲಿಗೆ ಬರುವುದೆಂದು ತಿಳಿದೂ ಅವಳು ಆಶ್ರಯವಿತ್ತಳು. ದಂಡು ಬಂದಿತು, ಅವಳು ಎದುರಿಸಿದಳು, ರಾಜಾರಾಮನು ಜಿಂಜಿಗೆ ಸುರಕ್ಷಿತವಾಗಿ ಸೇರಿದನು. ಅವಳು ದತ್ತು ಸ್ವೀಕರಿಸಿ ಬೆಳೆಸಿದ ಬಸವಪ್ಪ ನಾಯಕನು 'ಶಿವತತ್ತ್ವರತ್ನಾಕರ'ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿ ವಿದ್ವಾಂಸನೆಂದು ಖ್ಯಾತನಾದನು.

ಅವಳ ರಾಜ್ಯದ ದಕ್ಷಿಣದ ಗಡಿಯು ಇಂದಿನ ಕೇರಳದೊಳಗೆ ಇತ್ತು. ನಮ್ಮ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿ ಬರುವ ಕಾಸರಗೋಡಿನ ಬೇಕಲ ಕೋಟೆ, ಚಂದ್ರಗಿರಿ ಕೋಟೆಗಳು ಕೆಳದಿಯ ನಾಯಕರವು. 1956ರಲ್ಲಿ ರಾಜ್ಯಗಳ ಗಡಿಗಳು ಬದಲಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕೋಟೆಗಳೂ ಅದರೊಡನೆ ಬಂದವು. "ಹಾಗಾದರೆ ಚೆನ್ನಮ್ಮ ಕೇರಳದಲ್ಲಿ ಹೊಸಬಳಲ್ಲ" ಎಂದು ಮೊಮ್ಮಗಳು ಹೇಳಿದ್ದು ಇಲ್ಲಿಯೇ.

ಮೂರನೆಯವಳು ಎಲ್ಲರೂ ಬಲ್ಲ ಕಿತ್ತೂರಿನ ರಾಣಿ. ಬೆಳಗಾವಿಯ ಬಳಿಯ ಕಾಕತಿಯಲ್ಲಿ 1778ರಲ್ಲಿ ಹುಟ್ಟಿ, ಕಿತ್ತೂರಿನ ಮಲ್ಲಸರ್ಜನ ಕೈಹಿಡಿದವಳು. 1824ರಲ್ಲಿ ಕಿತ್ತೂರಿನ ದೊರೆಯು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಒಪ್ಪಲಾರೆವೆಂದು ಇಂಗ್ಲಿಷ್ ಕಂಪನಿಯವರು ಸಂಸ್ಥಾನಕ್ಕೆ ಕೈಯಿಟ್ಟರು. ಅದೇ ವರುಷದ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. 1857ರ ದಂಗೆಗೆ 33 ವರುಷ ಮೊದಲಿನ ಮಾತು ಇದು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು.

ಈ ಕಥೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಅಕ್ಟೋಬರದ ಕಾಳಗದಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನು ಒಬ್ಬ. ರಾಣಿಯು ಅವರನ್ನು ಕೊಲ್ಲಿಸದೆ ಬಿಡುಗಡೆ ಮಾಡಿದಳು. ಅದೇ ಎಲಿಯಟ್ ಮುಂದೆ ಕನ್ನಡ ನಾಡಿನಲ್ಲಿ ತಿರುಗಾಡಿ ನೂರಾರು ಶಾಸನಗಳ ಪ್ರತಿ ಮಾಡಿಸಿ, ಚಾಳುಕ್ಯರ ಇತಿಹಾಸವನ್ನು ಲೋಕಕ್ಕೆ ತಿಳಿಸಿದ ಮೊದಲಿಗರಲ್ಲಿ ಒಬ್ಬನಾದನು. ಅಂದು ಕೋಪವೊಂದೇ ಗೆದ್ದಿದ್ದರೆ ಆ ಕೆಲಸವು ಅವನಿಂದ ನಡೆಯುತ್ತಿರಲಿಲ್ಲ. ಕತ್ತಿ ಹಿಡಿಯುವುದನ್ನೂ ಕತ್ತಿ ಇಳಿಸುವುದನ್ನೂ ಬಲ್ಲವಳ ಹೆಸರು ಅದು.

ಈ ಮೂವರ ರೂಪು ಹೇಗಿತ್ತೆಂಬುದು ಇಲ್ಲಿ ಮುಖ್ಯವಲ್ಲ. ಬೆಳೆದ ಮೆಣಸನ್ನು ಕಾದುಕೊಂಡದ್ದು, ಬೇಡಿ ಬಂದವನಿಗೆ ನೆರಳು ಕೊಟ್ಟದ್ದು, ಸೆರೆಸಿಕ್ಕವನನ್ನು ಬದುಕಿಸಿದ್ದು, ಇವು ಅವರ ಚೆನ್ನು. ಶಬ್ದದ ಅರ್ಥವು ಬಾಳಿನಲ್ಲಿ ಹೀಗೆ ಹಣ್ಣಾಗಿ ಕಾಣುವುದು ಅಪರೂಪ.

ಹೀಗಿದ್ದರೂ ಇಂದು ತೊಟ್ಟಿಲ ಶಾಸ್ತ್ರದಲ್ಲಿ ಚೆನ್ನಮ್ಮನ ಹೆಸರು ಕೇಳಿಬರುವುದು ಅಪರೂಪವಾಗಿದೆ. ನಾವು ಚೆನ್ನಮ್ಮನನ್ನು ಮರೆತೆವೆನ್ನಲಾಗದು. 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿಯವರನ್ನು ರಾಣಿಯಾಗಿ ನೋಡಿ ನಮ್ಮ ತಲೆಮಾರಿನವರು ಕಣ್ಣೀರಿಟ್ಟೆವು. ಹುಬ್ಬಳ್ಳಿಯಲ್ಲಿ ಚೆನ್ನಮ್ಮನ ವೃತ್ತವಿದೆ. ಅವಳ ಹೆಸರಿನ ರೈಲುಗಾಡಿ ಓಡುತ್ತದೆ. 2007ರಲ್ಲಿ ಪಾರ್ಲಿಮೆಂಟಿನ ಆವರಣದಲ್ಲಿ ಪ್ರತಿಮೆ ನಿಂತಿತು. 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾನಿಲಯವಾಯಿತು. ವೃತ್ತಕ್ಕೆ, ಗಾಡಿಗೆ, ವಿದ್ಯಾಲಯಕ್ಕೆ ಒಪ್ಪುವ ಹೆಸರು ನಮ್ಮ ಮಗಳಿಗೆ ಮಾತ್ರ ಹಳೆಯದೆನಿಸುತ್ತದೆ. ಪರನಾಡಿನಲ್ಲಂತೂ, ಎಲ್ಲಿಯವರೆಂದು ಗುರುತು ಹತ್ತದಂತಹ ಹೆಸರನ್ನು ಹುಡುಕುವುದೇ ನಮ್ಮ ಜಾಣತನವಾಗಿದೆ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಅರ್ಜಿಯ ನಮೂನೆ ಬಂದದ್ದು ನನ್ನ ಮನೆಗೇ.

ಎಂಟನೆಯ ಸಂಜೆ ನಾನು ಮೊಮ್ಮಗಳನ್ನು ಒಂದು ಪ್ರಶ್ನೆ ಕೇಳಿದೆನು. "ನಮ್ಮ ಸಂಘದ ಸಭೆಗೆ ಹೋದಾಗ ಹಿರಿಯರು ನಿನ್ನನ್ನು ನೋಡಿ ಮೊದಲು ಏನನ್ನುತ್ತಾರೆ?" ಅವಳು ಕ್ಷಣ ಯೋಚಿಸಿ, "ಚೆನ್ನಾಗಿದ್ದೀಯಾ ಅನ್ನುತ್ತಾರೆ" ಎಂದಳು. ಅನ್ನುತ್ತಲೇ ಅವಳ ಮುಖ ಅರಳಿತು. "ಅಯ್ಯೋ ಅಜ್ಜ, ಹಾಗಾದರೆ ಅವರೆಲ್ಲ ಒಬ್ಬರನ್ನೊಬ್ಬರು ಕೇಳುವುದು ನನ್ನ ಹೆಸರನ್ನೇ ಅಲ್ಲವೇ!"

ಮರುದಿನ ಶಾಲೆಯಲ್ಲಿ ಅವಳು ಜತೆಯವರಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ. ಅರ್ಜಿಯು ಇನ್ನೂ ಮೇಜಿನ ಖಾನೆಯಲ್ಲಿಯೇ ಇದೆ. ಹರಿದು ಹಾಕೆಂದು ನಾನು ಹೇಳಿಲ್ಲ. ಹೆಸರನ್ನು ಹೊತ್ತು ಬಾಳಬೇಕಾದವಳು ಅವಳು. ಹಾಜರಿ ಪುಸ್ತಕದಲ್ಲಿ ಚಿ ಎಂದಿರುವುದನ್ನು ಚೆ ಎಂದು ತಿದ್ದಿಸಿಕೊಂಡು ಬಂದಳೆಂಬುದು ಮಾತ್ರ ನನಗೆ ಗೊತ್ತು.

ನವೆಂಬರ್ 1 ನಮಗೆ ರಾಜ್ಯೋತ್ಸವ. ನಮ್ಮ ನೆರೆಯವರಿಗೆ ಕೇರಳದ ಹುಟ್ಟುಹಬ್ಬ. 1956ರ ಅದೇ ದಿನ ಎರಡು ನಾಡುಗಳೂ ಇಂದಿನ ರೂಪವನ್ನು ತಾಳಿದವು. ಅಂದು ನಾವೆಲ್ಲರೂ ಒಂದೆಡೆ ಕೂಡಿದಾಗ, ಮಾಲೆ ಭಾಷಣಗಳಿಗೆ ಮೊದಲು, ಬಾಗಿಲಲ್ಲಿಯೇ ಒಬ್ಬರನ್ನೊಬ್ಬರು ಕೇಳುವ ಮಾತು ಒಂದುಂಟು. ಅದನ್ನು ಕೇಳುವಾಗ ಈ ಹಳೆಯ ಹೆಸರನ್ನೂ ಒಮ್ಮೆ ನೆನೆಯೋಣ. ಎಲ್ಲರೂ ಚೆನ್ನಾಗಿದ್ದೀರಷ್ಟೇ?